ಊರ್ಮಿಳೆಯಿಲ್ಲದ ಚಿತ್ರಶಾಲೆ

ತೆಲಂಗಾಣದ ನ್ಯಾಲ್ಕಲ್ಲಿನಲ್ಲಿ ಚಿಕ್ಕದೊಂದು ಫೋಟೋ ಸ್ಟುಡಿಯೋ ಇಟ್ಟುಕೊಂಡು, ಸುತ್ತಲಿನ ಹಳ್ಳಿಗಳ ಲಗ್ನ, ಜವಳ, ತೊಟ್ಟಿಲ ಕಾರ್ಯಗಳಿಂದ ಸಂಸಾರವನ್ನು ನಿರ್ವಹಿಸುತ್ತಿರುವ ನನ್ನ ತಂಗಿಯ ಮಗನು, ತನ್ನ ಅಂಗಡಿಯ ವೆಬ್‌ಸೈಟನ್ನು ಪಟ್ಟಣದ ಯಾರೋ ಕುಶಲರ ಕೈಯಿಂದ ಹೊಸದಾಗಿ ಮಾಡಿಸಿ, ಇಂದು ಬೆಳಿಗ್ಗೆ ನಾನು ಚಹಾ ಕುಡಿದು ಮುಗಿಸುವುದಕ್ಕೂ ಅವಕಾಶ ಕೊಡದೆ ಮೊಬೈಲನ್ನು ನನ್ನ ಕನ್ನಡಕದ ಮುಂದೆ ಹಿಡಿದು, “ನೋಡ್ರಿ ಮಾಮಾ, ಹೆಂಗ್ ಅದಾ ಹೇಳ್ರಿ” ಎಂದನು. ನೋಡಿದೆನು. ಮೊದಲು ಬಿಳಿಯ ಪರದೆಯ ನಡುವೆ ಸಣ್ಣ ಚಕ್ರವೊಂದು ಬಹಳ ಹೊತ್ತು ತಿರುಗಿತು. ಅದು ನಿಂತ ಮೇಲೆ ಆಕಾಶಮಾರ್ಗದಿಂದ ತೆಗೆದ ಒಂದು ವಿಡಿಯೋ: ಕಲ್ಯಾಣಮಂಟಪದ ಛಾವಣಿ, ಅದರ ಸುತ್ತ ನಿಂತ ಕಾರುಗಳು, ಅಂಗಳದಲ್ಲಿ ಎಳ್ಳು ಚೆಲ್ಲಿದಂತೆ ಜನ. ಅದರ ಮೇಲೆ, ನಿಮ್ಮ ಕ್ಷಣಗಳನ್ನು ನಾವು ಶಾಶ್ವತಗೊಳಿಸುತ್ತೇವೆ ಎಂಬರ್ಥದ ಇಂಗ್ಲಿಷ್ ವಾಕ್ಯ. ಕೆಳಗೆ, ಜಹೀರಾಬಾದಿನ ಬಸ್‌ಸ್ಟ್ಯಾಂಡನ್ನು ಜನ್ಮದಲ್ಲಿ ಕಂಡಿರಲಾರದ ವಿದೇಶೀಯ ದಂಪತಿಗಳ ಮಂದಹಾಸ.

“ಛಲೋ ಅದಾ” ಎಂದೆನು. ಹಿರಿಯರಾದವರು ಇಂಥ ಸಂದರ್ಭಗಳಲ್ಲಿ ಆಡತಕ್ಕ ಮಾತು ಅದೊಂದೇ.

ಇಂಥ ಜಾಲತಾಣವು ಹೇಗಿರಬೇಕೆಂಬ ವಿಷಯದಲ್ಲಿ ಹೇಳತಕ್ಕದ್ದನ್ನೆಲ್ಲ ಬಲ್ಲವರು ಹೇಳಿ ಮುಗಿಸಿದ್ದಾರೆ. ಕ್ಯಾಮೆರಾದಿಂದ ಇಳಿದ ಎಂಟು ಹತ್ತು ಎಂಬಿಯ ಚಿತ್ರವನ್ನು ಇದ್ದಂತೆಯೇ ಏರಿಸದೆ, ಅಂಗೈಯಗಲದ ಪರದೆಗೆ ತಕ್ಕಂತೆ ಕುಗ್ಗಿಸಿ ಇನ್ನೂರು ಮುನ್ನೂರು ಕೆಬಿಗೆ ತರಬೇಕು. ಫೋನ್ ನಂಬರು ಹುಡುಕದೆ ಕಾಣಬೇಕು. ತಾನು ತೆಗೆದ ಚಿತ್ರಗಳನ್ನಲ್ಲದೆ ಪರರದನ್ನು ತೋರಿಸಬಾರದು. ಇವನ್ನು ಅರಿಯದವರಿಲ್ಲ, ಆಚರಿಸುವವರು ವಿರಳ. ಧರ್ಮಶಾಸ್ತ್ರಗಳ ಗತಿಯೂ ಇದೇ ಆಗಿರುವುದರಿಂದ ಈ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.

ನನ್ನ ಮನಸ್ಸನ್ನು ಕೆರಳಿಸಿದುದು ಬೇರೊಂದು. ತಾಣದ ನಡುಪುಟದಲ್ಲಿ ಅಂಗಡಿಯು ಮಾಡಿಕೊಡುವ ಕೆಲಸಗಳ ದೀರ್ಘವಾದ ಪಟ್ಟಿಯಿತ್ತು: ಪ್ರೀ ವೆಡ್ಡಿಂಗ್, ಕ್ಯಾಂಡಿಡ್, ಸಿನಿಮ್ಯಾಟಿಕ್, ಡ್ರೋನ್, ಇನ್ನೂ ಹಾಲುಗಲ್ಲದ ಕೂಸಿಗೆ ಬುಟ್ಟಿಯೊಳಗೆ ಮಲಗುವ ಶಿಕ್ಷೆ ವಿಧಿಸುವ ಬೇಬಿ ಶೂಟ್. ಆದರೆ, ಯಾವುದರ ಆದಾಯದಿಂದ ಆ ಅಂಗಡಿಯ ಬಾಡಿಗೆಯೂ ವಿದ್ಯುತ್ತಿನ ಬಿಲ್ಲೂ ಸಂದಾಯವಾಗುತ್ತವೆಯೋ, ಯಾವುದನ್ನು ಕೇಳಿಕೊಂಡು ದಿನವಿಡೀ ಜನರು ಅದರ ಮೆಟ್ಟಿಲನ್ನು ಏರುತ್ತಾರೆಯೋ, ಆ ಪಾಸ್‌ಪೋರ್ಟ್ ಸೈಜಿನ ಫೋಟೋವಿನ ಪ್ರಸ್ತಾಪವೇ ಎಲ್ಲಿಯೂ ಇರಲಿಲ್ಲ. ಕೇಳಿದೆನು. ಅವನು ನಕ್ಕು, “ಅದೇನ್ ತೋರ್ಸೋದು ಮಾಮಾ? ವೆಬ್‌ಸೈಟ್‌ದಾಗ ಅದ್ ಹಾಕಿದ್ರ ನಮ್ ಲೆವೆಲ್ಲೇ ಇಳೀತದ” ಎಂದು ಮೋಟಾರುಸೈಕಲ್ಲನ್ನು ಏರಿದನು.

ಅವನು ಹೋದ ಮೇಲೆ ನನಗೆ ಭವಭೂತಿಯ ನೆನಪಾಯಿತು. ‘ಉತ್ತರರಾಮಚರಿತ’ದ ಮೊದಲನೆಯ ಅಂಕವೇ ಒಂದು ಚಿತ್ರದರ್ಶನವಲ್ಲವೆ? ಜನಕನು ಮಿಥಿಲೆಗೆ ಹಿಂದಿರುಗಿದನೆಂದು ಖಿನ್ನಳಾದ ಸೀತೆಯ ಮನಸ್ಸನ್ನು ತಿಳಿಗೊಳಿಸಲೆಂದು, ರಾಮನ ಪೂರ್ವಚರಿತವನ್ನೆಲ್ಲ ಬರೆಯಿಸಿದ ಚಿತ್ರಮಾಲಿಕೆಯನ್ನು ಲಕ್ಷ್ಮಣನು ಒಂದೊಂದಾಗಿ ಬೊಟ್ಟುಮಾಡಿ ತೋರಿಸುತ್ತಾನೆ. ವಿವಾಹದ ಚಿತ್ರ ಬಂದಾಗ ಸೀತೆಯನ್ನು ತೋರಿಸಿ, ಮಾಂಡವಿಯನ್ನು ತೋರಿಸಿ, ಶ್ರುತಕೀರ್ತಿಯನ್ನೂ ತೋರಿಸಿದವನು, ಅಲ್ಲಿಯೇ ನಿಂತಿರುವ ತನ್ನ ಮಡದಿ ಊರ್ಮಿಳೆಯನ್ನು ಮಾತ್ರ ದಾಟಿಬಿಡುತ್ತಾನೆ. ಸೀತೆ ಸುಮ್ಮನಿರುವವಳೆ? ಮತ್ತೊಬ್ಬಳು ಯಾರಪ್ಪ ಎಂದು ಕೀಟಲೆಯಾಗಿ ಕೇಳುತ್ತಾಳೆ. ಲಕ್ಷ್ಮಣನು ನಾಚಿ, ನಕ್ಕು, ಅವಸರವಾಗಿ ಪರಶುರಾಮನ ಕಡೆಗೆ ಕೈಮಾಡಿ ಮಾತು ಮರೆಸುತ್ತಾನೆ. ಆ ದರ್ಶನದ ಫಲವಾಗಿ ಸೀತೆಗೆ ಮತ್ತೊಮ್ಮೆ ವನವನ್ನು ನೋಡುವ ಬಯಕೆ ಹುಟ್ಟಿ, ಆ ಬಯಕೆಯೇ ಪರಿತ್ಯಾಗಕ್ಕೆ ನೆಪವೊದಗಿಸಿತೆಂಬುದನ್ನು ನೆನೆದರೆ, ಅತಿಥಿಗಳ ಮುಂದೆ ಮದುವೆಯ ಆಲ್ಬಮ್ ತೆರೆಯುವವರು ಸ್ವಲ್ಪ ಆಲೋಚಿಸಬೇಕಾದೀತು. ಅದು ಹೇಗೂ ಇರಲಿ. ತನ್ನ ಮನೆಯನ್ನು ಯಾರು ನಡೆಸುತ್ತಾಳೆಯೋ ಅವಳನ್ನೇ ಚಿತ್ರಶಾಲೆಯಲ್ಲಿ ದಾಟಿಹೋಗುವ ಗೃಹಸ್ಥನ ವರ್ತನೆಗೆ ಇದಕ್ಕಿಂತ ಹಳೆಯ ನಿದರ್ಶನ ನನಗೆ ತಿಳಿಯದು. ಲಕ್ಷ್ಮಣನದು ಲಜ್ಜೆ, ನನ್ನ ಅಳಿಯನದು ಲೆವೆಲ್ಲು, ವ್ಯತ್ಯಾಸ ಇಷ್ಟೇ.

ಮೂರೂವರೆ ಸೆಂಟಿಮೀಟರ್ ಅಗಲ, ನಾಲ್ಕೂವರೆ ಸೆಂಟಿಮೀಟರ್ ಎತ್ತರದ ಆ ಕಾಗದದ ತುಂಡನ್ನು ನಾನು ಎಂದೂ ಅಲ್ಪವೆಂದು ಭಾವಿಸಿದವನಲ್ಲ. ಪಡಿತರ ಚೀಟಿ, ಪಿಂಚಣಿ, ಮದುವೆಯ ನೆರವಿನ ಕಲ್ಯಾಣಲಕ್ಷ್ಮಿಯ ಅರ್ಜಿ, ಹಾಸ್ಟೆಲ್ ಪ್ರವೇಶ, ಬ್ಯಾಂಕಿನ ಖಾತೆ, ದುಬೈಗೆ ಹೊರಟ ಹುಡುಗನ ಕಾಗದಪತ್ರ; ಇವುಗಳಲ್ಲಿ ಒಂದಲ್ಲ ಒಂದರ ನಿಮಿತ್ತವಾಗಿ ಊರೆಲ್ಲವೂ ಆ ನೀಲಿಯ ಪರದೆಯ ಮುಂದಿನ ಸ್ಟೂಲಿನ ಮೇಲೆ ಕುಳಿತು ಎದ್ದಿದೆ. ಹಿಂದಿನ ಸ್ಟುಡಿಯೋಗಳಲ್ಲಿ ಕನ್ನಡಿಯ ಪಕ್ಕದ ಮೊಳೆಗೆ ಒಂದು ಕೋಟು, ಒಂದು ಟೈ, ಹಣಿಗೆ, ಪೌಡರಿನ ಡಬ್ಬಿ ಸದಾ ಸಿದ್ಧವಾಗಿರುತ್ತಿದ್ದವು. ಒಂದೇ ಕೋಟಿನಲ್ಲಿ ಇಡೀ ತಾಲ್ಲೂಕಿನ ನೌಕರಿಯ ಆಕಾಂಕ್ಷಿಗಳು ಗಂಭೀರವದನರಾಗಿ ಚಿತ್ರಿತರಾದರು. “ಗದ್ದ ಮ್ಯಾಲ್ ಮಾಡ್ರಿ, ಕಣ್ ಮುಚ್ಚಬ್ಯಾಡ್ರಿ” ಎಂಬ ಆಜ್ಞೆಗೆ ಪಟೇಲನೂ ಕೂಲಿಯಾಳೂ ಸಮಾನವಾಗಿ ತಲೆಬಾಗಿದರು, ಅಥವಾ ತಲೆಯೆತ್ತಿದರು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಬದುಕಿನಲ್ಲಿ ಒಂದೇ ಒಂದು ಬಾರಿ, ಅದೂ ಸರ್ಕಾರದ ಬಲವಂತಕ್ಕೆ, ಕ್ಯಾಮೆರಾದ ಮುಂದೆ ಕುಳಿತ ಮುದುಕಿಯರು ನಮ್ಮ ಹಳ್ಳಿಗಳಲ್ಲಿ ಅಸಂಖ್ಯರು. ಅಂಥವಳೊಬ್ಬಳು ತೀರಿಕೊಂಡ ಮೇಲೆ ಅವಳ ಮಗನು ಪಿಂಚಣಿಯ ಪುಸ್ತಕಕ್ಕೆ ಅಂಟಿಸಿದ್ದ ಆ ಚೂರನ್ನು ಬಿಡಿಸಿಕೊಂಡು ಬಂದು, ಅರ್ಧ ಮುಖದ ಮೇಲೆ ಕಚೇರಿಯ ಮೊಹರು ಬಿದ್ದಿರುವ ಅದನ್ನು ಗಾಜಿನ ಮೇಜಿನ ಮೇಲಿಟ್ಟು, “ಇದನ್ ದೊಡ್ಡದ್ ಮಾಡ್ರಿ” ಎನ್ನುತ್ತಾನೆ. ಮೊಹರನ್ನು ಅಳಿಸಿ, ಮಾಸಿದ ಹಣೆಗೆ ವಿಭೂತಿಯನ್ನೋ ಕುಂಕುಮವನ್ನೋ ಮರಳಿ ತಂದು, ಗೋಡೆಗೆ ತಕ್ಕ ಪಟವಾಗಿ ಕಟ್ಟುಹಾಕಿಕೊಡುವ ಆ ಕೆಲಸದಲ್ಲಿ ನನ್ನ ಅಳಿಯನು ನಿಜವಾಗಿಯೂ ನಿಪುಣ. ಶ್ರಾದ್ಧದ ದಿನ ಮಾಲೆ ಬೀಳುವುದು ಆ ಪಟಕ್ಕೆ. ಡ್ರೋನಿನ ವಿಡಿಯೋಗೆ ಮಾಲೆ ಹಾಕಿದವರನ್ನು ನಾನು ಕಂಡಿಲ್ಲ. ಈ ನೈಪುಣ್ಯದ ವಿಷಯವಾಗಿ ಅವನ ತಾಣದಲ್ಲಿ ಒಂದಕ್ಷರವೂ ಇಲ್ಲ.

ಚಿತ್ರಶಾಲೆಯಲ್ಲಿ ಎಲ್ಲವನ್ನೂ ತೋರಿಸಬೇಕೆಂದು ಇದರಿಂದ ಅರ್ಥಮಾಡಬಾರದು, ಬಿಡತಕ್ಕದ್ದೂ ಉಂಟು. ಹೈದರಾಬಾದಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನದಯಾಳರು 1892ರಲ್ಲಿ ಜನಾನಾದ ಸ್ತ್ರೀಯರಿಗಾಗಿಯೇ ಪ್ರತ್ಯೇಕವಾದ ಸ್ಟುಡಿಯೋವೊಂದನ್ನು ತೆರೆದರು. ಎತ್ತರದ ಗೋಡೆಗಳ ಒಳಗೆ, ಗಂಡಸರ ಸುಳಿವಿಲ್ಲದೆ, ಆಂಗ್ಲ ಮಹಿಳೆಯೊಬ್ಬರ ಉಸ್ತುವಾರಿಯಲ್ಲಿ ಅಲ್ಲಿನ ಕೆಲಸವೆಲ್ಲ ನಡೆಯುತ್ತಿತ್ತು. ಮುಸವ್ವಿರ್ ಜಂಗ್ ಎಂಬ ಬಿರುದನ್ನು ಪಡೆದ ಆ ಮಹಾಶಯರಿಗೆ ಚಿತ್ರ ತೆಗೆಯುವುದು ಒಂದು ಕಲೆ, ತೆಗೆದ ಚಿತ್ರವನ್ನು ಕಾಪಾಡುವುದು ಇನ್ನೊಂದು ಕಲೆ ಎಂಬುದು ತಿಳಿದಿತ್ತು. ಪರದೆಯ ಕಾಲ ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಆದರೆ ಹೊಸ ತಾಣದಲ್ಲಿ ಪಕ್ಕದ ಊರಿನ ಮದುಮಗಳ ಅರಿಸಿನದ ಶಾಸ್ತ್ರದ ಚಿತ್ರಗಳು, ಕಣ್ಣೀರು ಒರೆಸಿಕೊಳ್ಳುತ್ತಿರುವ ಅವಳ ತಾಯಿಯ ಮುಖಸಹಿತ, ಜಗತ್ತಿಗೆಲ್ಲ ತೆರೆದಿರುವುದನ್ನು ಕಂಡಾಗ, ಹಾಕುವ ಮೊದಲು ನನ್ನ ಅಳಿಯನು ಆ ಮನೆಯವರನ್ನು ಒಂದು ಮಾತು ಕೇಳಿದ್ದನೋ ಇಲ್ಲವೋ ಎಂಬ ಸಂದೇಹ ಬಾರದೆ ಹೋಗಲಿಲ್ಲ. ಲಕ್ಷ್ಮಣನ ಲಜ್ಜೆಯನ್ನು ಇಲ್ಲಿಗೆ ಸ್ವಲ್ಪ ಎರವಲು ತಂದಿದ್ದರೆ ಶೋಭಿಸುತ್ತಿತ್ತು.

ಆ ಡ್ರೋನಿನ ವಿಷಯಕ್ಕೆ ಬರೋಣ. ಬರದೆ ನನಗೆ ನೆಮ್ಮದಿಯಿಲ್ಲ. ಅದಕ್ಕೆ ನಮ್ಮ ಸೀಮೆಯ ಹೆಂಗಸರಿಂದಲೇ ಆರಂಭಿಸಬೇಕು. ಜಹೀರಾಬಾದಿಗೆ ಅಂಟಿಕೊಂಡಂತಿರುವ ಪಸ್ತಾಪುರದಲ್ಲಿ, ಮೈಸೂರಿನಲ್ಲಿ ಹುಟ್ಟಿ ದೂರದರ್ಶನದಲ್ಲಿ ಕೆಲಸಮಾಡಿದ್ದ ಪಿ. ವಿ. ಸತೀಶರೂ ಅವರ ಮಿತ್ರರೂ 1983ರಲ್ಲಿ ಸ್ಥಾಪಿಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಸರನ್ನು ಸಿರಿಧಾನ್ಯಗಳ ನಿಮಿತ್ತವಾಗಿ ಹಲವರು ಕೇಳಿದ್ದಾರೆ. ಅದರ ಸಂಘಗಳ ಹೆಂಗಸರು, ಬಹುಪಾಲು ಅಕ್ಷರವರಿಯದ ದಲಿತ ರೈತ ಮಹಿಳೆಯರು, ವಿಡಿಯೋ ಕ್ಯಾಮೆರಾವನ್ನು ಹಿಡಿದು ತಮ್ಮ ಬೀಜ, ಬೆಳೆ, ಬಾಳುವೆಗಳ ಚಿತ್ರಗಳನ್ನು ತಾವೇ ನಿರ್ಮಿಸಿದರು. 2008ರಲ್ಲಿ ಮಾಚನೂರಿನಿಂದ ತಮ್ಮದೇ ಸಂಘಂ ರೇಡಿಯೋವನ್ನೂ ಆರಂಭಿಸಿದರು. ಕ್ಯಾಮೆರಾದ ವಿದ್ಯೆಯನ್ನು ಕಲಿಯುವಾಗ ಇವರು ಅದರ ಪರಿಭಾಷೆಯನ್ನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಮೇಲಿನಿಂದ ಕೆಳಕ್ಕೆ ನೋಡುವ ಕ್ಯಾಮೆರಾಕ್ಕೆ ಪಟೇಲ್ ಶಾಟ್ ಎಂದರು, ಕಟ್ಟೆಯ ಮೇಲೆ ಕುಳಿತ ಪಟೇಲನು ನೋಡುವುದು ಹಾಗೆ. ಕೆಳಗಿನಿಂದ ಮೇಲಕ್ಕೆ ನೋಡುವುದಕ್ಕೆ ಜೀತದಾಳಿನ ಶಾಟ್ ಎಂದರು. ಕಣ್ಣಿಗೆ ಕಣ್ಣು ಸಮನಾಗಿ ನೋಡುವುದಕ್ಕೆ ಸಂಘಂ ಶಾಟ್ ಎಂದರು, ಸಂಘದ ಚಾಪೆಯ ಮೇಲೆ ಎಲ್ಲರೂ ಸಮನಾಗಿ ಕುಳಿತುಕೊಳ್ಳುವುದರಿಂದ. ಸಿನಿಮಾ ಶಾಸ್ತ್ರದ ದಪ್ಪ ಪುಸ್ತಕಗಳಲ್ಲಿ ನಾನು ಕಾಣದ ವಿವೇಕವನ್ನು ಈ ಮೂರು ಹೆಸರುಗಳಲ್ಲಿ ಕಂಡಿದ್ದೇನೆ. ಪಟೇಲನಾದರೂ ಕಟ್ಟೆಯಷ್ಟು ಎತ್ತರದಿಂದ ನೋಡುತ್ತಿದ್ದನು, ಕೂಗಿದರೆ ಅವನಿಗೆ ಕೇಳಿಸುತ್ತಿತ್ತು. ಈ ಡ್ರೋನಾದರೋ ಮಂಟಪದ ಮೇಲೆ ಗುಂಯ್ಗುಟ್ಟುತ್ತ ಪುರೋಹಿತರ ಮಂತ್ರವನ್ನೂ ಬ್ಯಾಂಡಿನವರ ಬಾಜಾವನ್ನೂ ಕಲಸಿ, ವಧೂವರರನ್ನು ಎರಡು ಚುಕ್ಕೆಗಳಾಗಿಸಿ, ಬೀಗರೆಲ್ಲರೂ ಅಕ್ಷತೆಯನ್ನು ಕೈಯಲ್ಲಿ ಹಿಡಿದು ಆಕಾಶವನ್ನು ನೋಡುವಂತೆ ಮಾಡುತ್ತದೆ. ಒಂದು ಫೋಟೋ ಸ್ಟುಡಿಯೋ ತನ್ನ ಗಿರಾಕಿಗಳನ್ನು ಮೊದಲ ಪುಟದಲ್ಲಿಯೇ ಪಟೇಲನಿಗಿಂತಲೂ ಮೇಲೆ ನಿಂತು ನೋಡಬೇಕೆ? ಪಾಸ್‌ಪೋರ್ಟ್ ಸೈಜಿನ ಚಿತ್ರವನ್ನು ನೋಡಿ: ಅದನ್ನು ಬೇರೆ ರೀತಿಯಲ್ಲಿ ತೆಗೆಯಲು ಸಾಧ್ಯವೇ ಇಲ್ಲ, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಇಳಿಯಲೇಬೇಕು. ಯಾವ ಸಂಘವೂ ಇಲ್ಲದೆ ಸರ್ಕಾರವೇ ಕಡ್ಡಾಯ ಮಾಡಿರುವ ಸಂಘಂ ಶಾಟ್ ಅದು.

ತಾಣದ ಕೊನೆಯ ಪುಟ ವಿಳಾಸದ್ದು. ಅಲ್ಲಿ ಸಂಗಾರೆಡ್ಡಿ ಜಿಲ್ಲೆ, ತೆಲಂಗಾಣ ಎಂದು ಸರಿಯಾಗಿಯೇ ಬರೆದಿದೆ, ಇಂಗ್ಲಿಷಿನಲ್ಲಿ ಮಾತ್ರ. ಗಿರಾಕಿಗಳು ಆಡುವುದು ಕನ್ನಡ, ತೆಲುಗು, ಉರ್ದು, ಅಲ್ಲೊಂದು ಇಲ್ಲೊಂದು ಮರಾಠಿ. ಕಂಪ್ಯೂಟರಿನಲ್ಲಿ ಈ ಲಿಪಿಗಳಿಗೆ ಜಾಗವಿಲ್ಲವೆಂಬ ನೆಪವೂ ಇಲ್ಲ: 1991ರ ಯೂನಿಕೋಡಿನಲ್ಲಿಯೇ ತೆಲುಗಿಗೆ 128 ಸ್ಥಾನಗಳನ್ನು ಕೊಟ್ಟು, ಅದರ ಬೆನ್ನಿಗೇ ಕನ್ನಡಕ್ಕೆ 128 ಸ್ಥಾನಗಳನ್ನು ಕೊಟ್ಟಿದ್ದಾರೆ, ನಡುವೆ ಗಡಿಗಲ್ಲಿಗೂ ತೆರಪಿಲ್ಲದಂತೆ. ನಮ್ಮ ಸೀಮೆಯ ಗಡಿಗಲ್ಲುಗಳಾದರೋ ಅಷ್ಟು ಸ್ಥಿರವಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ನ್ಯಾಲ್ಕಲ್ ಎಂಬುದು ಬೀದರ ತಾಲ್ಲೂಕಿನ ಒಂದು ಸರ್ಕಲ್ಲು. 1956ರ ನವೆಂಬರ್ 1ರಂದು ಅದೂ ನಾರಾಯಣಖೇಡವೂ, ನಿರ್ಣಾ ಸರ್ಕಲೊಂದನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕೂ ಆಂಧ್ರಪ್ರದೇಶದ ಪಾಲಾದವು. ಮುಂದೆ ಮೆದಕ್ ಜಿಲ್ಲೆ, 2014ರಲ್ಲಿ ತೆಲಂಗಾಣ, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆ. ಕದಲದೆ ಕುಳಿತ ಮನೆಗೆ ವಿಳಾಸ ಮಾತ್ರ ಮೇಲಿಂದ ಮೇಲೆ ಬದಲಾಯಿತು. ನಮ್ಮ ಪಡಸಾಲೆಯಲ್ಲಿರುವ ಅಜ್ಜನ ಪಟದ ಬೆನ್ನಿಗೆ ಬೀದರಿನ ಸ್ಟುಡಿಯೋದ ಉರ್ದು ಮೊಹರು, ಅಪ್ಪನದರ ಬೆನ್ನಿಗೆ ಜಹೀರಾಬಾದಿನ ತೆಲುಗು ಮೊಹರು ಇವೆ. ಮೊಹರಿನ ಕೆಳಗೆ ಪೆನ್ಸಿಲ್ಲಿನಿಂದ ನೆಗೆಟಿವಿನ ನಂಬರನ್ನೂ ಬರೆದಿದ್ದಾರೆ, ಇನ್ನೊಂದು ಪ್ರತಿ ಬೇಕಾದರೆ ಆ ನಂಬರು ಹೇಳಿ ಪಡೆಯತಕ್ಕದ್ದೆಂದು.

ಆ ನೆಗೆಟಿವ್‌ಗಳು ಈಗ ಎಲ್ಲಿವೆ? ಕಪ್ಪುಬಿಳುಪಿನ ಫಿಲ್ಮಿನಲ್ಲಿ ಚಿತ್ರವಾಗಿ ನಿಂತಿರುವುದು ಬೆಳ್ಳಿಯೇ ಆದುದರಿಂದ, ಮುಚ್ಚಿದ ಸ್ಟುಡಿಯೋಗಳ ಪೆಟ್ಟಿಗೆಗಳನ್ನು ತೂಕದ ಲೆಕ್ಕದಲ್ಲಿ ಕೊಂಡು ಕರಗಿಸುವವರು ಉಂಟು. ಉಳಿದವು ಅಟ್ಟದ ಸೆಖೆಯಲ್ಲಿ ಮುದುರಿ, ಹುಳಿವಾಸನೆ ಬಿಡುತ್ತ ಹಾಳಾಗುತ್ತವೆ. ಅಸಿಟೇಟ್ ಫಿಲ್ಮು ಕೆಡುವಾಗ ಹೊರಡುವುದು ವಿನೆಗರಿನ ವಾಸನೆ. ನೀಲಿ ಪರದೆಯ ಮುಂದೆ ಗದ್ದವೆತ್ತಿ ಕುಳಿತ ಎಷ್ಟೋ ಮುಖಗಳು ಹೀಗೆ ಬೆಳ್ಳಿಯ ಬೆಲೆಗೆ ಹೋಗಿವೆ. ನ್ಯಾಲ್ಕಲ್, ನಾರಾಯಣಖೇಡ, ತಾಂಡೂರಿನ ಕಡೆ ನಿಮ್ಮ ಮನೆಯಲ್ಲಿಯೋ ಬಂಧುಗಳಲ್ಲಿಯೋ ಹಳೆಯ ಸ್ಟುಡಿಯೋದ ಇಂಥ ಪೆಟ್ಟಿಗೆಯಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನೆಗೆಟಿವ್‌ಗಳನ್ನು ಪ್ಲಾಸ್ಟಿಕ್ಕಿನಿಂದ ತೆಗೆದು ಕಾಗದದ ಲಕೋಟೆಗಳಲ್ಲಿ, ತಂಪಾದ ಒಣಜಾಗದಲ್ಲಿಡಿ. ಗುರುತು ಹೇಳಬಲ್ಲ ಹಿರಿಯರು ಇರುವಾಗಲೇ ಲಕೋಟೆಯ ಮೇಲೆ ಹೆಸರು, ಊರು, ಇಸವಿಗಳನ್ನು ಬರೆದಿಡಿ.