ಅಳೋಕೂ ಪುರುಸೊತ್ತಿಲ್ಲದ ಊರು

ಅಮೆರಿಕದ ಜಾರ್ಜಿಯಾ ರಾಜ್ಯದ ಸೆನೋಯಾ ಪುಟ್ಟ ಊರು. ಅಟ್ಲಾಂಟಾದಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ಮೇನ್ ಸ್ಟ್ರೀಟ್‌ನ ಎರಡೂ ಬದಿ ಹಳೇ ಇಟ್ಟಿಗೆ ಕಟ್ಟಡಗಳು, ಫುಟ್‌ಪಾತ್ ಮೇಲೆ ಅಲ್ಲಿ ಶೂಟಿಂಗ್ ಆದ ಸಿನಿಮಾಗಳ ಹೆಸರಿನ ಫಲಕಗಳು. ನನ್ನಂಥವರು ಅಲ್ಲಿಗೆ ಹೋಗೋದು ಮಾತ್ರ ‘ದಿ ವಾಕಿಂಗ್ ಡೆಡ್’ ಸೀರೀಸ್‌ಗಾಗಿ. 2010ರಿಂದ 2022ರವರೆಗೆ 11 ಸೀಸನ್, 177 ಎಪಿಸೋಡ್. ಮೂರನೇ ಸೀಸನ್‌ನ ವುಡ್‌ಬರಿ ಪಟ್ಟಣ ಅಂದರೆ ಇದೇ ಬೀದಿ. (ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಪೂರ್ತಿ ಸ್ಪಾಯ್ಲರ್.)

2019ರಲ್ಲಿ ಪ್ರಾಜೆಕ್ಟ್ ಕೆಲಸಕ್ಕೆ ಆರು ತಿಂಗಳು ಅಟ್ಲಾಂಟಾದಲ್ಲಿದ್ದೆ. ಒಂದು ಶನಿವಾರ ಟೀಮಿನ ಗೆಳೆಯನೊಬ್ಬ ಕಾರು ತೆಗೆದ. ಮೇನ್ ಸ್ಟ್ರೀಟ್‌ನಿಂದ ಸ್ವಲ್ಪ ಮುಂದೆ ಹೋದರೆ ಕಥೆಯಲ್ಲಿ ಬರುವ ಅಲೆಕ್ಸಾಂಡ್ರಿಯಾದ ಎತ್ತರದ ತಗಡಿನ ಗೋಡೆ. ಒಳಗಿನ ಮನೆಗಳಲ್ಲಿ ನಿಜವಾದ ಜನ ಸಂಸಾರ ಮಾಡಿಕೊಂಡಿದ್ದರು! ಸೀರಿಯಲ್‌ಗೋಸ್ಕರ ಗೋಡೆಯೊಳಗೆ ಬದುಕೋದು ಅಂದರೆ ಯೋಚಿಸಿ.

ಗೋಡೆ ನೋಡ್ತಾ ನಿಂತಾಗ ನಮ್ಮಿಬ್ಬರಿಗೂ ವಾದ ಶುರುವಾಯ್ತು: ಯಾರ ಸಾವು ಜಾಸ್ತಿ ನೋಯಿಸಿತು? ಅವನದು ಗ್ಲೆನ್, ಎಲ್ಲರ ಹಾಗೆ. ಪಿಜ್ಜಾ ಡೆಲಿವರಿ ಮಾಡುತ್ತಿದ್ದ ಹುಡುಗ, ಮೊದಲ ಎಪಿಸೋಡಿನಿಂದ ಜೊತೆಗಿದ್ದವನು. 2016ರ ಅಕ್ಟೋಬರ್ 23ರಂದು ಅವನು ಸತ್ತ ಎಪಿಸೋಡನ್ನು ಅಮೆರಿಕದಲ್ಲಿ 1.7 ಕೋಟಿ ಜನ ನೋಡಿದರು. ಆದರೆ ನನಗೆ ಅಲ್ಲಿ ಸಿಟ್ಟೇ ಹೆಚ್ಚು ಬಂತು. ಹಿಂದಿನ ಸೀಸನ್‌ನಲ್ಲಿ ಅವನು ಸತ್ತ ಅಂತ ನಂಬಿಸಿ, ಟೈಟಲ್‌ನಿಂದ ನಟನ ಹೆಸರನ್ನೂ ತೆಗೆದು, ಆಮೇಲೆ ಕಸದ ಡಬ್ಬಿಯ ಅಡಿಯಿಂದ ಎಬ್ಬಿಸಿ ತಂದಿದ್ದರು. ಒಂದು ಸಲ ಹಾಗೆ ಆಟ ಆಡಿಸಿದ ಮೇಲೆ, ಸಾಯಿಸುವಾಗ ಎಷ್ಟು ರಕ್ತ ತೋರಿಸಿದರೂ ಅದು ಕಣ್ಣಿಗೆ ಮಾತ್ರ ತಾಗುತ್ತೆ. ಆ ಎಪಿಸೋಡಿನಲ್ಲಿ ನನಗೆ ತಡೆಯೋಕಾಗದೇ ಹೋದದ್ದು ಕೊನೆಯ ಊಟದ ಮೇಜು. ಎಲ್ಲರೂ ಕೂತಿದ್ದಾರೆ, ಗ್ಲೆನ್ ತೊಡೆ ಮೇಲೆ ಮಗು. ಅದು ಎಂದೂ ನಡೆಯದ ಊಟ.

ನನ್ನ ಉತ್ತರ ಹರ್ಷೆಲ್. ಬಿಳಿ ಗಡ್ಡದ ರೈತ, ದನದ ಡಾಕ್ಟರು, ಒಂದು ಕಾಲು ಕಳೆದುಕೊಂಡ ಮುದುಕ. ಜೈಲಿನಲ್ಲಿ ಜ್ವರ ಹಬ್ಬಿದಾಗ ಎಲ್ಡರ್‌ಬೆರಿ ಕಷಾಯ ಮಾಡಿ, ತನಗೂ ಅಂಟಬಹುದು ಅಂತ ಗೊತ್ತಿದ್ದೇ ರೋಗಿಗಳ ಹಾಸಿಗೆಗೆ ಹೋಗಿ ಕುಡಿಸ್ತಾನೆ. ಸೀರೀಸ್‌ನಲ್ಲಿ ಬಂದೂಕು ಹಿಡಿಯೋರು ಬೇಕಾದಷ್ಟು ಜನ ಇದ್ದರು, ಕಷಾಯ ಕುಡಿಸೋನು ಒಬ್ಬನೇ. 2013ರ ಡಿಸೆಂಬರ್ 1ರ ಎಪಿಸೋಡಿನಲ್ಲಿ ಗವರ್ನರ್ ಅವನನ್ನು ಮಂಡಿಯೂರಿಸಿ ಕತ್ತಿ ಬೀಸಿದಾಗ ಬೇಲಿಯಾಚೆ ಅವನ ಇಬ್ಬರು ಹೆಣ್ಣುಮಕ್ಕಳೂ ನೋಡ್ತಾ ನಿಂತಿದ್ದರು.

ಆಮೇಲೆ ಏನಾಗುತ್ತೆ ಅನ್ನೋದೇ ನನಗೆ ಮುಖ್ಯ. ಏನೂ ಆಗೋದಿಲ್ಲ. ಗುಂಡಿನ ಸುರಿಮಳೆ, ಬೇಲಿ ಮುರಿಯುತ್ತೆ, ಸತ್ತವರ ಹಿಂಡು ಒಳಗೆ ನುಗ್ಗುತ್ತೆ, ಮಕ್ಕಳು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಓಡಬೇಕು. ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕೋರಿಲ್ಲ. ಎರಡನೇ ಸೀಸನ್‌ನಲ್ಲಿ ಪುಟ್ಟ ಸೋಫಿಯಾ ಕೊಟ್ಟಿಗೆಯಿಂದ ಹೊರಬಂದಾಗ ಎದೆ ಧಸಕ್ಕೆಂದಿತ್ತು, ನಿಜ. ಆದರೆ ಆಕೆಗೆ ಗುಂಡಿ ತೋಡಿದರು, ಸುತ್ತ ನಿಂತರು. ನಮಗೂ ಒಂದಿಷ್ಟು ಸಮಾಧಾನವಾಯ್ತು.

ಇದನ್ನು ಇಷ್ಟು ಜೋರಾಗಿ ಹೇಳೋಕೆ ಕಾರಣ ಇದೆ. ಸೆನೋಯಾಕ್ಕೆ ಹೋಗುವ ಎರಡು ತಿಂಗಳ ಮುಂಚೆ ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಅಜ್ಜ ತೀರಿಕೊಂಡರು. ಸಣ್ಣ ಶೀತಕ್ಕೂ ಕಾಳುಮೆಣಸು, ಜೀರಿಗೆ ಕುದಿಸಿ ಲೋಟ ಹಿಡಿದು ಎದುರು ನಿಲ್ಲುತ್ತಿದ್ದವರು. ಸಿಕ್ಕ ಟಿಕೆಟ್‌ನಲ್ಲಿ ಹೊರಟಿದ್ದರೂ ನಾನು ಮನೆ ಮುಟ್ಟುವಾಗ ಎಲ್ಲ ಮುಗಿದಿರುತ್ತಿತ್ತು. ‘ಬರಬೇಡ ಮಗಾ, ಅಲ್ಲಿಂದಲೇ ಕೈಮುಗಿ’ ಅಂದರು ಅಪ್ಪ. ವಿಡಿಯೊ ಕಾಲ್‌ನಲ್ಲಿ ಚಿಕ್ಕಪ್ಪನ ಮಗ ಫೋನ್ ಹಿಡಿದಿದ್ದ, ಅಂಗಳದಲ್ಲಿ ಸಿಗ್ನಲ್ ಬಂದೂ ಬಾರದ ಹಾಗೆ. ಚಟ್ಟ ಎತ್ತುವಾಗ ಚಿತ್ರ ನಿಂತುಹೋಯ್ತು. ಅರ್ಧ ಗಂಟೆ ಬಿಟ್ಟು ನನಗೆ ಡೈಲಿ ಸ್ಟ್ಯಾಂಡ್-ಅಪ್ ಇತ್ತು, ಅಟೆಂಡ್ ಮಾಡಿದೆ.

ಗೆಳೆಯನಿಗೆ ಇದನ್ನೆಲ್ಲ ಹೇಳಲಿಲ್ಲ. ಜೈಲಿನ ಸೆಟ್ ನೋಡಬೇಕು ಅಂದೆ ಅಷ್ಟೇ. ಅದು ಊರಿನ ಸ್ಟುಡಿಯೊ ಆವರಣದಲ್ಲೇ ಇತ್ತು, ಕಥೆ ಮುಂದೆ ಹೋದ ಮೇಲೆ ಕೆಡವಿಬಿಟ್ಟರು, ಈಗ ಏನೂ ಇಲ್ಲ ಅಂದ.

ವಾಪಸ್ ಬರುವಾಗ ಕಾರಲ್ಲಿ ಅವನೇ ಒಂದು ವಿಷಯ ನೆನಪಿಸಿದ. ಹರ್ಷೆಲ್ ತನ್ನ ಜೇಬುಗಡಿಯಾರವನ್ನು ಅಳಿಯ ಗ್ಲೆನ್‌ಗೆ ಕೊಟ್ಟಿರ್ತಾನೆ. ಗ್ಲೆನ್ ಸತ್ತ ಮೇಲೆ ಮ್ಯಾಗಿ ಅದನ್ನು ಗಂಡನ ಸಮಾಧಿ ಮೇಲೆ ಇಡ್ತಾಳೆ. ಆ ಊರಿನ ಯಜಮಾನ ಅದನ್ನು ಎತ್ತಿಕೊಂಡಾಗ ಅವನ ಮುಖಕ್ಕೇ ಗುದ್ದಿ ಕಿತ್ತುಕೊಳ್ತಾಳೆ.

‘ಆ ಏಟು ಗಂಡನಿಗೋಸ್ಕರ ಮಾತ್ರ ಅಲ್ಲ ಕಣೋ’ ಅಂದೆ. ಅವನು ಇಂಡಿಕೇಟರ್ ಹಾಕಿ ಹೈವೇಗೆ ತಿರುಗಿಸಿದ.