ಕೈಗೂ ಒಂದು ಲೆಕ್ಕ ಇದೆ (ಭಾಗ 4): ನಂಬರ್ ಪ್ಯಾಡ್ ಮತ್ತು ಮಣಿಕಟ್ಟು

ಬಿಕಾಂ ಮುಗಿದ್ಮೇಲೆ ನಮ್ಮಲ್ಲಿ ಎಷ್ಟೋ ಜನ ಹೋಗಿ ಕೂರೋದು ಆಡಿಟರ್ ಆಫೀಸಲ್ಲೇ. ಟ್ಯಾಲಿ ಕಲಿಸ್ತಾರೆ, ಜಿಎಸ್‌ಟಿ ಕಲಿಸ್ತಾರೆ. ಕೈ ಉಳಿಸ್ಕೊಳ್ಳೋದು ಹೇಗೆ ಅಂತ ಯಾರೂ ಹೇಳಿಕೊಡಲ್ಲ.

ಒಂದೇ ಸಣ್ಣ ಚಲನೆ ದಿನಕ್ಕೆ ಸಾವಿರಾರು ಸಲ ಆದ್ರೆ ಸ್ನಾಯು, ನರಗಳಿಗೆ ಸುಧಾರಿಸ್ಕೊಳ್ಳೋಕೆ ಟೈಮ್ ಸಿಗಲ್ಲ. ಇದೇ ಆರ್‌ಎಸ್‌ಐ. ಮೊದಲು ಬೆರಳು ಜುಮ್ ಅನ್ನುತ್ತೆ, ಆಮೇಲೆ ಹಿಡಿತ ಕಮ್ಮಿ ಆಗುತ್ತೆ. ನಮ್ಮಕ್ಕ ವಿಜಯನಗರದ ಒಂದು ಆಫೀಸಲ್ಲಿ ಎಂಟ್ರಿ ಮಾಡ್ತಾಳೆ. ರಿಟರ್ನ್ ಹಾಕೋ 11, 20ನೇ ತಾರೀಖು ಹತ್ರ ಬಂತು ಅಂದ್ರೆ ರಾತ್ರಿ ಕೈ ಮರಗಟ್ಟಿ ಎದ್ದು ಕೂರ್ತಾಳೆ. ಆಫೀಸಲ್ಲಿ ಮಾತ್ರ ಬಾಯಿ ಬಿಡಲ್ಲ. "ಹೇಳಿದ್ರೆ ಕೆಲಸಗಳ್ಳಿ ಅಂತಾರೆ ಕಣೇ."

ಇದು ಕಂಪ್ಯೂಟರ್ ಬಂದ್ಮೇಲೆ ಹುಟ್ಟಿದ ಕಾಯಿಲೆ ಅನ್ಕೊಂಡ್ರಾ? ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಜ್ಜಿನಿ 1713ರಲ್ಲೇ ಗುಮಾಸ್ತರ ಕೈನೋವಿನ ಬಗ್ಗೆ ಬರೆದಿದ್ದಾರೆ. ಅವರು ಕೊಟ್ಟ ಕಾರಣ ಮೂರು: ಸದಾ ಕೂತೇ ಇರೋದು, ಕೈ ಒಂದೇ ರೀತಿ ಆಡಿಸೋದು, ಲೆಕ್ಕ ಎಲ್ಲಿ ತಪ್ಪುತ್ತೋ ಅನ್ನೋ ಒತ್ತಡ. ಮೂರನೆಯದು ನಮ್ಮ ಸಿಲಬಸ್ಸೇ ಅಲ್ವಾ!

ಸೀಟಲ್ಲೇ ಮಾಡಬಹುದಾದ್ದು:
👉 ಮಣಿಕಟ್ಟು ಮೇಲಕ್ಕೂ ಪಕ್ಕಕ್ಕೂ ಬಾಗಬಾರದು, ನೇರ ಇರಲಿ. ಮೊಣಕೈ ಮೈಗೆ ಹತ್ರ ಇರಲಿ.
👉 ನಂಬರ್ ಪ್ಯಾಡ್ ಇರೋದ್ರಿಂದ ಮೌಸ್ ದೂರ ಹೋಗುತ್ತೆ, ಬಲಗೈ ಚಾಚಿ ಚಾಚಿ ಭುಜ ನೋಯುತ್ತೆ. ಮೌಸ್ ಎಡಗೈಗೆ ಅಭ್ಯಾಸ ಮಾಡಿ.
👉 ಲ್ಯಾಪ್‌ಟಾಪ್ ಆದ್ರೆ ಕೆಳಗೆ ದಪ್ಪ ಪುಸ್ತಕ ಇಟ್ಟು ಎತ್ತರ ಮಾಡಿ, ಕೀಬೋರ್ಡ್ ಬೇರೆ ಹಾಕಿ.
👉 ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಕೈ ಬಿಡಿ. ಆ ನಿಮಿಷ ರೀಲ್ಸ್ ನೋಡಿದ್ರೆ ಅದು ರೆಸ್ಟ್ ಅಲ್ಲ. ಕೆಂಗೇರಿವರೆಗೂ ಮೆಟ್ರೋದಲ್ಲಿ ಸ್ಕ್ರೋಲ್ ಮಾಡೋ ಹೆಬ್ಬೆರಳಿಗೂ ಇದೇ ಮಾತು.

ಆದ್ರೆ ಇಷ್ಟನ್ನ ನೌಕರರಿಗೆ ಮಾತ್ರ ಕಲಿಸಿದ್ರೆ ಅರ್ಧ ಪಾಠ ಅಷ್ಟೇ. ಪಿಪಿಟಿ ತೋರಿಸಿ, ಮಾರನೇ ದಿನ "ರಾತ್ರಿ ಹತ್ತರೊಳಗೆ ಮುಗಿಸಿ" ಅಂದ್ರೆ ಯಾವ ವ್ಯಾಯಾಮ ತಾನೇ ಕಾಪಾಡುತ್ತೆ? ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಐದು ಗಂಟೆಗಿಂತ ಹೆಚ್ಚು ಒಂದೇ ಸಮ ದುಡಿಸೋ ಹಾಗಿಲ್ಲ, ಮಧ್ಯೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಲೇಬೇಕು. ಪಾಠ ಕೇಳೋಕೆ ಬಾಸ್ ಕೂಡ ಕೂರಬೇಕು. ಕೆಲಸ ಹಂಚೋರು ಅವರೇ ತಾನೇ?

ಜುಮ್ ಅನ್ನೋದು ವಾರ ಆದ್ರೂ ಹೋಗಿಲ್ವಾ? ಮುಲಾಮು ಹಚ್ಚಿ ಸುಮ್ಮನಿರಬೇಡಿ, ಡಾಕ್ಟರ್ ಹತ್ರ ಹೋಗಿ. ಸಂಬಳದಲ್ಲಿ ಇಎಸ್‌ಐ ಕಟ್ ಆಗ್ತಿದ್ರೆ ರಾಜಾಜಿನಗರದಲ್ಲೇ ಇಎಸ್‌ಐ ಆಸ್ಪತ್ರೆ ಇದೆ.

ನಿಮ್ಮನೇಲಿ ಆಫೀಸಿಗೆ ಹೋಗೋ ಅಕ್ಕ, ಅಣ್ಣ ಇದ್ರೆ ಇವತ್ತು ಒಂದೇ ಒಂದು ಪ್ರಶ್ನೆ ಕೇಳಿ: "ರಾತ್ರಿ ಕೈ ಮರಗಟ್ಟುತ್ತಾ?" ಅವರಾಗೇ ಹೇಳಲ್ಲ.

ಭಾಗ 5: ಕುರ್ಚಿ ಮತ್ತು ಬೆನ್ನು 🪑
#ಕೈಗೂಒಂದುಲೆಕ್ಕ #ಬಿಕಾಂಬದುಕು