ಅಚ್ಚಿನಲ್ಲಿಯೋ, ಒಲೆಯ ಮೇಲೆಯೋ?

ವ್ಯಾಕರಣವನ್ನು ಕಲಿಸುವವರು ಕರ್ತೃ ಯಾರು, ಕರ್ಮ ಯಾವುದು ಎಂದು ಹುಡುಗರನ್ನು ಕಾಡುವಷ್ಟು ಅಧಿಕರಣ ಯಾವುದೆಂದು ಕಾಡುವದಿಲ್ಲ. ಕ್ರಿಯೆಗೆ ಆಧಾರವಾದ ಎಡೆಯೇ ಅಧಿಕರಣ. ಕನ್ನಡದಲ್ಲಿ ಅದು 'ಅಲ್ಲಿ' ಎಂಬ ಸಪ್ತಮೀ ಪ್ರತ್ಯಯದಿಂದ ತಿಳಿಯತಕ್ಕುದು. ಪಾಣಿನಿಯು ಆರು ಕಾರಕಗಳಲ್ಲಿ ಇದಕ್ಕೂ ಸ್ಥಾನ ಕೊಟ್ಟಿರುವನು. ಅಲಕ್ಷ್ಯ ಮಾಡಿದವರು ನಮ್ಮಂಥ ಮಾಸ್ತರರೇ. ಸೇವೆಯಿಂದ ನಿವೃತ್ತರಾದ ಮೇಲೆ ಈ ಬಡ ಸಪ್ತಮಿಯ ಬೆಲೆಯನ್ನು ಗಣಕಯಂತ್ರದ ಒಂದು ವ್ಯವಹಾರದಲ್ಲಿ ಕಾಣುವ ಯೋಗವು ನಮಗೆ ಬಂದಿತು. ವಿಷಯವು ಶುಷ್ಕವೆಂದು ಗೃಹಸ್ಥರಾದ ವಾಚಕರಿಗೆ ತೋರಬಹುದು. ಆದರೆ ಸಾಂಪ್ರತ ಗಣಕದ ಉದ್ಯೋಗದ ಮಕ್ಕಳಿಲ್ಲದ ಓಣಿಯೇ ವಿರಳ. ಅವರು ನಡುರಾತ್ರಿಯಲ್ಲಿ ತಲೆಗೆ ಕೈಹಚ್ಚಿ ಕುಳಿತಾಗ ಹಿರಿಯರಾದವರು ಏನೆಂದು ಕೇಳಬೇಕೆಂಬುದಾದರೂ ತಿಳಿದಿರಲಿ.

ನಮ್ಮ ತಂಗಿಯ ಮಗನು ಹುಬ್ಬಳ್ಳಿಯಲ್ಲಿ ಉದ್ಯೋಗದಲ್ಲಿದ್ದಾನೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಒಂದೊಂದು ಹಳ್ಳಿಯ ಶಾಲೆಗೆ ಹತ್ತರಂತೆ ನಾಲ್ವತ್ತು ಹಳೆಯ ಗಣಕಗಳು ದಾನವಾಗಿ ಬಂದಿದ್ದವು. ಅವುಗಳಲ್ಲಿ ಉಬುಂಟು ಎಂಬ ಕಾರ್ಯವ್ಯವಸ್ಥೆಯನ್ನೂ ಕನ್ನಡ ಪಾಠಗಳನ್ನೂ ಇಂಗ್ಲಿಷಿನ ಉಚ್ಚಾರಣೆಯ ಪಾಠಗಳನ್ನೂ ತುಂಬಿಕೊಡುವ ಭಾರವನ್ನು ಈ ಹುಡುಗನು ಹೊತ್ತುಕೊಂಡನು. ಅವನಿಗೆ ದೊರೆತ ರಜೆ ನಾಲ್ಕು ದಿನ. ಆ ನಾಲ್ಕು ದಿನಗಳಲ್ಲಿ ಆಗದಿದ್ದರೆ ಯಂತ್ರಗಳು ಇನ್ನೊಂದು ವರ್ಷ ಕೋಣೆಯ ಮೂಲೆ ಸೇರುವವು. ಹೀಗೆ ಬಂದ ಯಂತ್ರಗಳು ಹಳೆಯ ಸೀರೆ ಹೊದ್ದು ಮಲಗಿ, ಕಡೆಗೆ ಗುಜರಿಯವನ ಗಾಡಿ ಏರಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ನಾಲ್ವತ್ತನ್ನೂ ಒಂದೊಂದಾಗಿ ಸಿದ್ಧಗೊಳಿಸುವದು ಅಸಾಧ್ಯ. ಆದುದರಿಂದ ಅವನು ಮೊದಲು ಒಂದು ಅಚ್ಚನ್ನು ಮಾಡಲು ನಿಶ್ಚಯಿಸಿದನು. ನಮ್ಮ ಸೀಮೆಯ ಗೌರಿ ಹುಣ್ಣಿವೆಯ ಸಕ್ಕರೆ ಆರತಿಯನ್ನು ವಾಚಕರು ಬಲ್ಲರು. ಕಟ್ಟಿಗೆಯ ಅಚ್ಚಿನೊಳಗೆ ಪಾಕವನ್ನು ಹೊಯ್ದರೆ ಆನೆ, ಗೋಪುರ, ತೇರು ಎಷ್ಟು ಬೇಕಾದರೂ ಒಂದೇ ರೂಪದಲ್ಲಿ ಏಳುವವು. ಗಣಕದ ಅಚ್ಚೂ ಅಂಥದೇ. ಇದನ್ನು ಮಾಡುವ ಪ್ಯಾಕರ್ ಎಂಬ ಸಾಧನವನ್ನು ಹ್ಯಾಶಿಕಾರ್ಪ್ ಎಂಬ ಅಮೇರಿಕದ ಸಂಸ್ಥೆಯು 2013ರಲ್ಲಿ ಹೊರತಂದಿತು. ಅದು ಗಣಕದೊಳಗೆ ಒಂದು ಕಲ್ಪಿತ ಗಣಕವನ್ನು ಹುಟ್ಟಿಸಿ, ಅದರಲ್ಲಿ ಬೇಕಾದುದೆಲ್ಲವನ್ನೂ ತಾನೇ ಸ್ಥಾಪಿಸಿ, ಅದರ ಪ್ರತಿರೂಪವನ್ನು ಒಂದು ಕಡತವಾಗಿ ಎತ್ತಿಕೊಡುತ್ತದೆ. ಆ ಕಡತವನ್ನು ಎಷ್ಟು ಯಂತ್ರಗಳಿಗಾದರೂ ಒತ್ತಬಹುದು.

ಪ್ಯಾಕರಿಗೆ ಕೊಡುವ ಆಜ್ಞೆಗಳಲ್ಲಿ ಎರಡು ಜಾತಿಗಳುಂಟು. ಒಂದು, ಹುಟ್ಟುತ್ತಿರುವ ಯಂತ್ರದೊಳಗೆ ನಡೆಯತಕ್ಕುದು. ಇನ್ನೊಂದಕ್ಕೆ ಶೆಲ್-ಲೋಕಲ್, ಅಂದರೆ ಸ್ಥಳೀಯವೆಂದು ಹೆಸರು. ಇದು ಪ್ಯಾಕರ್ ಕುಳಿತಿರುವ ಯಂತ್ರದಲ್ಲಿಯೇ ನಡೆಯುತ್ತದೆ. ಮೊದಲನೆಯದು ಅಚ್ಚಿನೊಳಗಿನ ಕೆಲಸ, ಎರಡನೆಯದು ಒಲೆಯ ಮೇಲೆ ಪಾಕ ಕಾಯಿಸಿ ಸೋಸುವ ಕೆಲಸ. ಪಾಠಗಳನ್ನೆಲ್ಲ ಒಂದು ಗಂಟು ಕಟ್ಟುವ ಸ್ಥಳೀಯ ಆಜ್ಞಾಪತ್ರವನ್ನು ಹುಡುಗನು ಹುಬ್ಬಳ್ಳಿಯಲ್ಲಿ ಬರೆದಿದ್ದನು. ಬೆಂಗಳೂರಿನ ಗೆಳೆಯನೊಬ್ಬನು ಅದನ್ನು ತನ್ನ ವಿಂಡೋಸ್ ಯಂತ್ರದಲ್ಲಿ ತೆರೆದು, ಪಾಠಗಳ ಪಟ್ಟಿಯನ್ನು ಸೇರಿಸಿ ಮಿಂಚಂಚೆಯಿಂದ ಕಳಿಸಿದನು. ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಯಂತ್ರವನ್ನು ಹೂಡಿದಾಗ, ಹುಬ್ಬಳ್ಳಿಯಲ್ಲಿ ನಿರ್ವಿಘ್ನವಾಗಿ ನಡೆದಿದ್ದ ಕೆಲಸವು ಇಲ್ಲಿ ಮುಗ್ಗರಿಸಿತು.

ಪ್ರತಿಯೊಂದು ಆಜ್ಞೆಯೂ ಮುಗಿದೊಡನೆ ಒಂದು ಅಂಕೆಯನ್ನು ಹಿಂತಿರುಗಿಸುವದು. 0 ಎಂದರೆ ಕ್ಷೇಮ. ಬೇರೆ ಯಾವುದಾದರೂ ಬಂದರೆ ಕೇಡು. ಮೊದಲು ಬಂದುದು 126: ಪತ್ರವಿದೆ, ನಡೆಯಿಸುವ ಅನುಮತಿಯಿಲ್ಲ. ಅಂಚೆಯಲ್ಲಿ ಬರುವಾಗ ಅನುಮತಿಯ ಮುದ್ರೆ ಕಳಚಿಬಿದ್ದಿತ್ತು; ಅದನ್ನು ಅವನು ಒಂದೇ ಮಾತಿನಲ್ಲಿ ಸರಿಪಡಿಸಿದನು. ಮರುಗಳಿಗೆಯಲ್ಲಿ 127 ಬಂದಿತು: 'ಸಿಗಲಿಲ್ಲ'.

ಪ್ಯಾಕರಿನ ಸ್ವಭಾವವೆಂದರೆ, ನಡುವೆ ಕೆಟ್ಟರೆ ಅರ್ಧ ಹುಟ್ಟಿದ ಯಂತ್ರವನ್ನು ತಾನೇ ಅಳಿಸಿಬಿಡುವದು. ಕೆಟ್ಟಲ್ಲಿ ನಿಂತು ತನ್ನನ್ನು ಕೇಳಬೇಕೆಂದು ಹುಡುಗನು ವಿಧಿಸಿ, ಆ ಕಲ್ಪಿತ ಯಂತ್ರದ ಒಳಹೊಕ್ಕು ರಾತ್ರಿ ಒಂದು ಗಂಟೆಯವರೆಗೆ ಪತ್ರವನ್ನು ಹುಡುಕಿದನು. ನಾವು ನೀರು ಕುಡಿಯಲು ಎದ್ದವರು ಏನು ನಡೆದಿದೆಯೆಂದು ಕೇಳಿ, ಮಾಸ್ತರಿಕೆಯ ರೂಢಿಯಂತೆ ಪ್ರಶ್ನೆ ಹಾಕಿದೆವು: “ಈ ಆಜ್ಞೆ ನಡೆಯೂದು ಎಲ್ಲೆಪಾ?” ಅವನು ಒಂದು ಕ್ಷಣ ಸುಮ್ಮನಿದ್ದು, “ಇಲ್ಲೇ ರೀ ಮಾಮಾ, ಈ ಯಂತ್ರದಾಗ” ಎಂದನು. ಅಚ್ಚನ್ನು ಬಿಟ್ಟು ಒಲೆಯ ಕಡೆಗೆ ಬಂದನು. ಆದರೆ ಅಲ್ಲಿ ಸೋಜಿಗ ಇಮ್ಮಡಿಯಾಯಿತು. “ಕಡತ ಕಣ್ಣಮುಂದೇ ಐತ್ರಿ, ಇದು ಸಿಗವಲ್ದು ಅಂತೈತಿ.”

ಸಿಗದಿದ್ದುದು ಕಡತವಲ್ಲ. ಇಂಥ ಪತ್ರದ ಮೊದಲ ಸಾಲಿನಲ್ಲಿ ಅದನ್ನು ಓದಿ ನಡೆಯಿಸತಕ್ಕ ದ್ವಿಭಾಷಿಯ ಹೆಸರು ಇರುತ್ತದೆ. ಇಲ್ಲಿ ಅದು ಬ್ಯಾಶ್. ಆ ಹೆಸರಿನ ತುದಿಗೆ ಕಣ್ಣಿಗೆ ಕಾಣದ ಒಂದು ಅಕ್ಷರವು ಅಂಟಿಕೊಂಡಿತ್ತು. ಹಳೆಯ ಬೆರಳಚ್ಚು ಯಂತ್ರವನ್ನು ಕಂಡವರಿಗೆ ಇದರ ಮೂಲ ಸುಲಭವಾಗಿ ತಿಳಿಯುವದು. ಸಾಲು ಮುಗಿದಾಗ ಎರಡು ಕೆಲಸಗಳಾಗಬೇಕು: ಗಾಡಿಯನ್ನು ಮೊದಲಿನ ಅಂಚಿಗೆ ತಳ್ಳುವದು, ಕಾಗದವನ್ನು ಒಂದು ಸಾಲು ಮೇಲೆ ಸರಿಸುವದು. ವಿಂಡೋಸ್ ಸಂಪ್ರದಾಯವು ಈ ಎರಡಕ್ಕೂ ಒಂದೊಂದು ಚಿಹ್ನೆಯನ್ನು ಇಂದಿಗೂ ಇಟ್ಟುಕೊಂಡಿದೆ. ಯುನಿಕ್ಸ್ ವಂಶದವರು ಎರಡನೆಯದನ್ನು ಮಾತ್ರ ಇಟ್ಟುಕೊಂಡರು. ಬೆಂಗಳೂರಿಗೆ ಹೋಗಿಬಂದ ಪತ್ರದ ಪ್ರತಿ ಸಾಲಿನ ಕೊನೆಗೂ ಆ ಗಾಡಿ ತಳ್ಳುವ ಚಿಹ್ನೆಯು ಸೇರಿತ್ತು. ಹಾಗಾಗಿ ಯಂತ್ರವು ಬ್ಯಾಶನ್ನಲ್ಲ, ಬಾಲವುಳ್ಳ ಬೇರೊಬ್ಬ ಬ್ಯಾಶನನ್ನು ಹುಡುಕಿ, ಕಾಣದೆ, ದೂರನ್ನು ಪತ್ರದ ಹೆಸರಿಗೆ ಬರೆಯಿತು. ಪಾಣಿನಿಯ ಇತ್ಸಂಜ್ಞೆಯ ಅಕ್ಷರಗಳೂ ಪದದಲ್ಲಿ ಕಾಣದೆ ತಮ್ಮ ಕಾರ್ಯವನ್ನು ಮಾಡುವವು. ಆದರೆ ಅವು ಶಾಸ್ತ್ರಕಾರನು ತಿಳಿದು ಇಟ್ಟವು. ಕ್ಯಾಟ್ ಎಂಬ ಸಾಧನಕ್ಕೆ ದೊಡ್ಡ ಎ ಅಕ್ಷರವನ್ನು ಜೋಡಿಸಿ ಕೇಳಿದರೆ ಇಂಥ ಗುಪ್ತಾಕ್ಷರಗಳು ಬಯಲಾಗುವವು. ಹುಡುಗನು ಹಾಗೆ ಕಂಡು, ಬಾಲಗಳನ್ನೆಲ್ಲ ಕತ್ತರಿಸಿದನು.

ಮೊದಲ ಸಾಲೇ ಇಲ್ಲದಿದ್ದರೆ ಬೇರೊಂದು ತೊಡಕು. ಆಗ ಪತ್ರವು ಎಸ್‌ಎಚ್ ಎಂಬ ಸಾಮಾನ್ಯ ದ್ವಿಭಾಷಿಯ ಕೈಸೇರುತ್ತದೆ. ಉಬುಂಟುವಿನಲ್ಲಿ 2006ರಿಂದ ಆ ಪೀಠದಲ್ಲಿ ಕುಳಿತಿರುವವನು ಡ್ಯಾಶ್. ಬ್ಯಾಶನ ಕೆಲವು ನುಡಿಗಟ್ಟುಗಳು ಅವನಿಗೆ ಅರ್ಥವಾಗವು. ಅದಿರಲಿ.

ಬೆಳಗಿನ ಹೊತ್ತಿಗೆ ಪ್ಯಾಕರ್ ಕಾರ್ಯ ಸಾಂಗವಾಯಿತೆಂದು ಸಾರಿತು. ಅಂಕೆ 0. ಹುಡುಗನು ಚಹಾ ಕುಡಿದು ಸವಣೂರಿನ ಕಡೆಯ ಶಾಲೆಗೆ ಹೋಗಿ ಹತ್ತೂ ಯಂತ್ರಗಳಿಗೆ ಅಚ್ಚೊತ್ತಿದನು. ಮುಖ್ಯೋಪಾಧ್ಯಾಯಿನಿಯವರು ಎಲ್ಲಕ್ಕಿಂತ ಮೊದಲು ಹುಡುಕಿದುದು ಇಂಗ್ಲಿಷಿನ ಪಾಠಗಳನ್ನು. ಹಳ್ಳಿಯ ತಾಯಿತಂದೆಗಳು ಬಂದು ಬಂದು ವಿಚಾರಿಸಿದ್ದು ಅದನ್ನೇ. ಗಣಿತವಿತ್ತು, ವಿಜ್ಞಾನವಿತ್ತು, ಇಂಗ್ಲಿಷು ಹತ್ತರಲ್ಲಿ ಒಂದರಲ್ಲಿಯೂ ಇರಲಿಲ್ಲ.

ಎಡವಿ ಬಿದ್ದು ಕೂಗಿಕೊಳ್ಳುವ ದೋಷಕ್ಕಿಂತ ಕ್ಷೇಮವೆಂದು ಬರೆದುಕೊಡುವ ದೋಷವು ಹೆಚ್ಚು ಕ್ರೂರವೆಂದು ನಮ್ಮ ಮತ. ಈ ಸಲ ಹುಡುಗನು ಅಚ್ಚಿನೊಳಗೆ ಹುಡುಕಲಿಲ್ಲ. ನೇರವಾಗಿ ಒಲೆಗೆ ಬಂದನು. ಪಾಠಗಳ ಚೀಲದ ಹೆಸರು 'ಇಂಗ್ಲಿಷ್'. ಪತ್ರದ ಪಟ್ಟಿಯಲ್ಲಿಯೂ 'ಇಂಗ್ಲಿಷ್' ಎಂದೇ ಇತ್ತು. ನಾವು ಕನ್ನಡಕ ಹಾಕಿ ನೋಡಿದರೂ ಭೇದ ಕಾಣಲಿಲ್ಲ. ಆದರೆ ಪಟ್ಟಿಯ ಹೆಸರಿನ ತುದಿಯಲ್ಲಿ ನಮ್ಮ ಕನ್ನಡಕ್ಕಾಗಿಯೇ ಬೇಕಾಗುವ ಒಂದು ಗುಪ್ತ ಚಿಹ್ನೆಯಿತ್ತು. 'ರಾಜ್‌ಕುಮಾರ' ಎಂದು ಬೆರಳಚ್ಚಿಸುವಾಗ ಜಕಾರದ ಕೆಳಗೆ ಕಕಾರವು ಒತ್ತಾಗಿ 'ರಾಜ್ಕುಮಾರ' ಆಗದಂತೆ ತಡೆಯುವ ಚಿಹ್ನೆಯದು. ಕೆಲವು ಕೀಲಿಮಣೆಗಳು ಅರ್ಧಾಕ್ಷರದ ಮುಂದೆ ಬೇಡದಲ್ಲಿಯೂ ಅದನ್ನು ಇಡುವವು. ನಮಗೆ ಒಂದೇ ಆದ ಹೆಸರು ಯಂತ್ರಕ್ಕೆ ಎರಡಾಯಿತು. ಆ ಚೀಲವನ್ನು ನಕಲಿಸುವ ಆಜ್ಞೆ ಸೋತಿತು. ಪತ್ರವು ಮುಂದಿನ ಸಾಲಿಗೆ ನಡೆಯಿತು. ಕೊನೆಯ ಸಾಲಿನ ಕೆಲಸ 'ಮುಗಿಯಿತು' ಎಂದು ಮುದ್ರಿಸುವದಷ್ಟೇ. ಅದು ಸೋಲುವದಾದರೂ ಹೇಗೆ? ಕೊನೆಯ ಆಜ್ಞೆಯ ಅಂಕೆಯೇ ಪತ್ರದ ಅಂಕೆಯಾಗುವದರಿಂದ ಪ್ಯಾಕರಿಗೆ 0 ಮುಟ್ಟಿತು.

ಆಜ್ಞೆಗಳನ್ನು ಪ್ಯಾಕರಿನ ವಿಧಾನಪತ್ರದೊಳಗೇ ಬರೆದರೆ, ಒಂದು ಸೋತೊಡನೆ ನಿಲ್ಲುವ ನಿಯಮವನ್ನು ಅದು ತಾನಾಗಿ ಹಚ್ಚುತ್ತದೆ. ಬೇರೆ ಕಡತದಲ್ಲಿ ಬರೆದರೆ ಆ ನಿಯಮವನ್ನು ನಾವೇ ಮೇಲೆ ಬರೆಯಬೇಕು. 'ಸೆಟ್ ಮೈನಸ್ ಇ' ಎಂದು ಅದರ ರೂಪ. ಹುಡುಗನು ಅದನ್ನು ಸೇರಿಸಿದನು. ಚೀಲಗಳಿಗೆಲ್ಲ ರೋಮನ್ ಅಕ್ಷರದ ಹೆಸರಿಡುವೆನೆಂದೂ ಹೊರಟನು. ನಾವು ಒಪ್ಪಲಿಲ್ಲ. ಮಕ್ಕಳು ತೆರೆದು ನೋಡತಕ್ಕ ಚೀಲಕ್ಕೆ ಕನ್ನಡದ ಹೆಸರಿರುವದು ದೋಷವಲ್ಲ. ಅದನ್ನು ಎರಡನೆಯ ಸಲ ಕೈಯಿಂದ ಬರೆದುದೇ ದೋಷ. ಕಡೆಗೆ ಪಟ್ಟಿಯನ್ನು ತೆಗೆದುಹಾಕಿ, ಇರುವ ಚೀಲಗಳ ಹೆಸರನ್ನು ಪತ್ರವು ತಾನೇ ಓದಿಕೊಳ್ಳುವಂತೆ ಮಾಡಿದನು. ಮೂಲದಲ್ಲಿರುವ ಪಾಠಗಳೆಷ್ಟು, ಗಂಟಿನೊಳಗೆ ಬಿದ್ದವೆಷ್ಟು ಎಂದು ಎಣಿಸಿ, ಸರಿಹೋಗದಿದ್ದರೆ 1 ಎಂದು ಕೂಗಿ ನಿಲ್ಲುವ ಒಂದು ಸಾಲನ್ನು 'ಮುಗಿಯಿತು' ಎಂಬುದರ ಮೇಲೆ ಕೂಡಿಸಿದನು.

ಎರಡನೆಯ ಅಚ್ಚು ಆ ರಾತ್ರಿಯೇ ಸಿದ್ಧವಾಯಿತು. ಹಾನಗಲ್ಲಿನ ಶಾಲೆಗೂ ಶಿಗ್ಗಾಂವಿಯ ಶಾಲೆಗೂ ಮೂರನೆಯ ದಿನ ಒತ್ತಿದನು. ನಾಲ್ಕನೆಯ ದಿನ ನಸುಕಿನಲ್ಲಿ ಸವಣೂರಿಗೆ ಮರಳಿ ಹೋಗಿ, ಹತ್ತನ್ನೂ ಅಳಿಸಿ ಮತ್ತೆ ಒತ್ತಿ, ಮುಖ್ಯೋಪಾಧ್ಯಾಯಿನಿಯವರು ಮನೆಗೆಂದು ಕಟ್ಟಿಕೊಟ್ಟ ವೀಳ್ಯದೆಲೆಯ ಪೆಂಡಿಯನ್ನು ಹಿಡಿದು ಹಿರೇಕೆರೂರಿನ ಬಸ್ಸನ್ನು ಹತ್ತಿದನು. ಅಲ್ಲಿ ಒಂಬತ್ತು ಯಂತ್ರಗಳು ಎದ್ದವು. ಹತ್ತನೆಯದರ ತಟ್ಟೆಯೇ ಸತ್ತಿದೆಯಂತೆ. ಹೊಸದನ್ನು ಹುಬ್ಬಳ್ಳಿಯಿಂದ ತರುವೆನೆಂದು ಹೇಳಿ ಬಂದಿದ್ದಾನೆ.